ಮೇ 4ರ ಆಚೆಗೂ ಶ್ರೀರಂಗಪಟ್ಟಣಕ್ಕೆ ಚರಿತ್ರೆ ಇದೆ: ಒಂದು ಬಹಿರಂಗ ಪತ್ರ

ಮಂಡ್ಯ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ ಹಾಗೂ ಶ್ರೀರಂಗಪಟ್ಟಣದ ಸ್ಮಾರಕಗಳು ಮತ್ತು ಪ್ರವಾಸೋದ್ಯಮದ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಗಂಜಾಂನಲ್ಲಿ ವಾಸವಾಗಿರುವ ನಿವೃತ್ತ ಶಿಕ್ಷಕಿ. ಈ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು. ತಮ್ಮಲ್ಲಿ ಒಂದು ದೂರು ಮತ್ತು ಕೆಲವು ಕೋರಿಕೆಗಳನ್ನು ಇಡಬೇಕಿದೆ. ಇದು ನನ್ನೊಬ್ಬಳ ವಿಷಯ ಅಲ್ಲ, ಈ ಊರಿನ ವಿಷಯ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಶ್ರೀರಂಗಪಟ್ಟಣಕ್ಕೆ ಬಂದ ಶಾಲಾ ಮಕ್ಕಳಿಗೆ, ಪ್ರವಾಸಿಗರಿಗೆ ಇಲ್ಲಿ ಹೇಳುವ ಕಥೆ ಹೆಚ್ಚುಕಮ್ಮಿ ಒಂದೇ. ರಂಗನಾಥಸ್ವಾಮಿ ಗುಡಿ, ಕೈದಿಗಳನ್ನು ಇಟ್ಟಿದ್ದ ನೆಲಮಾಳಿಗೆ, ಕೋಟೆ ಒಡೆದ ಜಾಗ, ಟಿಪ್ಪು ಸುಲ್ತಾನ್ ಬಿದ್ದ ಜಾಗ, ಗುಂಬಜ್, ದರಿಯಾ ದೌಲತ್. 1799ರ ಮೇ 4ಕ್ಕೆ ಕಥೆ ಮುಗಿಯುತ್ತದೆ. ಎಲ್ಲರೂ ಬಸ್ ಹತ್ತುತ್ತಾರೆ, ಮೈಸೂರು ಅರಮನೆಗೆ ಹೊರಡುತ್ತಾರೆ. ಅಲ್ಲಿ ಕಥೆ ಮತ್ತೆ ಶುರುವಾಗುತ್ತದೆ, ಆದರೆ ಅದು ಅರಸರ ಕಥೆ. ನಡುವೆ ಈ ಊರಿಗೆ ಏನಾಯಿತು ಅಂತ ಯಾರೂ ಹೇಳುವುದಿಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳು ಕೋಟೆಯ ಹತ್ತಿರ ನಿಂತು ಕೇಳಿದ್ದಳು: "ಮೇಡಂ, ರಾಜ ಸತ್ತ ಮೇಲೆ ಊರಲ್ಲಿದ್ದ ಜನ ಎಲ್ಲಿಗೆ ಹೋದರು?" ಅಲ್ಲಿದ್ದ ಯಾವ ಫಲಕದಲ್ಲೂ ಅವಳಿಗೆ ಉತ್ತರ ಸಿಗಲಿಲ್ಲ.

ಉತ್ತರ ಇದೆ. ಯುದ್ಧ ಮುಗಿದ ಮಾರನೆಯ ದಿನದಿಂದ ಈ ಊರನ್ನು ಆಳಿದ್ದು ಒಬ್ಬ ಮಿಲಿಟರಿ ಅಧಿಕಾರಿ. ಹೆಸರು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಆಗ ಆತನಿಗೆ 30 ವರ್ಷ. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ತಮ್ಮ. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ್ದು, 1828ರಲ್ಲಿ ಬ್ರಿಟನ್ನಿನ ಪ್ರಧಾನಿ ಆಗಿದ್ದು ಇದೇ ಮನುಷ್ಯ. ಗೆದ್ದ ನಾಡನ್ನು ಆಳುವ ಕೆಲಸವನ್ನು ಆತ ಕಲಿತದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ.

ಕೋಟೆಯ ಮೇಲೆ ದಾಳಿ ನಡೆಸಿದ್ದು ಜನರಲ್ ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ ಸುಮಾರು ಮೂರೂವರೆ ವರ್ಷ ಇದೇ ಊರಿನಲ್ಲಿ ಕೈದಿಯಾಗಿದ್ದವನು. ಊರಿನ ಅಧಿಕಾರ ತನಗೆ ಸಿಗುತ್ತದೆ ಅಂತ ಅವನು ನಂಬಿದ್ದ. ಸಿಕ್ಕಿದ್ದು ತನಗಿಂತ ಕಿರಿಯನಾದ ವೆಲ್ಲೆಸ್ಲಿಗೆ. ಅಣ್ಣ ಗವರ್ನರ್ ಜನರಲ್ ಅನ್ನೋ ಕಾರಣಕ್ಕೇ ಈ ಹುದ್ದೆ ಬಂತು ಅಂತ ಆಗಲೇ ಮಾತಾಡಿಕೊಂಡರು. ಬೇರ್ಡ್ ಬಹಳ ಕಾಲ ಆ ನೋವನ್ನು ಮರೆಯಲಿಲ್ಲ.

ಮೇ 4ರ ರಾತ್ರಿ ಊರು ಸುಲಿಗೆಯಾಯಿತು. ಇದನ್ನು ನಾನು ಕಲ್ಪಿಸಿ ಹೇಳುತ್ತಿಲ್ಲ, ವೆಲ್ಲೆಸ್ಲಿಯೇ ತನ್ನ ಅಣ್ಣನಿಗೆ ಪತ್ರ ಬರೆದು ಒಪ್ಪಿಕೊಂಡಿದ್ದಾನೆ. ಲೂಟಿಯಾಗದೆ ಉಳಿದ ಮನೆ ಹೆಚ್ಚುಕಮ್ಮಿ ಒಂದೂ ಇರಲಿಲ್ಲ. ಬೆಲೆಬಾಳುವ ಒಡವೆಗಳನ್ನು ಸಿಪಾಯಿಗಳು ದಂಡಿನ ಬಜಾರಿನಲ್ಲಿ ಮಾರಾಟಕ್ಕಿಟ್ಟರು. ಮಾರನೆಯ ದಿನ ಬೆಳಗ್ಗೆ ಆತ ಕೋಟೆಯೊಳಗೆ ಬಂದ. ಲೂಟಿ ಮಾಡುತ್ತಿದ್ದ ತನ್ನದೇ ಕಡೆಯ ಸೈನಿಕರಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ, ಹಲವರಿಗೆ ಚಾಟಿ ಏಟು ಹಾಕಿಸಿದ. ಆಮೇಲೆ ಊರು ತಣ್ಣಗಾಯಿತು, ಓಡಿಹೋದವರು ಒಬ್ಬೊಬ್ಬರಾಗಿ ವಾಪಸ್ ಬಂದರು, ಅಂಗಡಿಗಳು ತೆರೆದವು.

ಈ ಒಂದು ದಿನದಲ್ಲೇ ಎರಡೂ ಸತ್ಯ ಇದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಊರನ್ನು ದೋಚಿತು. ಅದೇ ಕಂಪನಿಯ ಅಧಿಕಾರಿ ಅದನ್ನು ನಿಲ್ಲಿಸಿದ. ಎರಡನ್ನೂ ಮಕ್ಕಳಿಗೆ ಹೇಳಬೇಕು ಅನ್ನೋದೇ ನನ್ನ ಕೋರಿಕೆಯ ತಿರುಳು. ಸಿಪಾಯಿಗಳ ಕೈಚಳಕಕ್ಕೆ ಶಿಕ್ಷೆ ಆಯಿತು ನಿಜ. ಆದರೆ ಅಧಿಕೃತವಾಗಿ ಹಂಚಿಕೊಂಡ ಸಂಪತ್ತು ಹತ್ತು ಲಕ್ಷ ಪೌಂಡಿಗೂ ಜಾಸ್ತಿ. ಅದರಲ್ಲಿ ವೆಲ್ಲೆಸ್ಲಿಯ ಪಾಲು ಸುಮಾರು 4,000 ಪೌಂಡ್. ಟಿಪ್ಪುವಿನ ಗ್ರಂಥಾಲಯದಲ್ಲಿದ್ದ ಸುಮಾರು 2,000 ಹಸ್ತಪ್ರತಿಗಳು ಕಲ್ಕತ್ತಾಕ್ಕೆ, ಲಂಡನ್ನಿಗೆ ಹೋದವು. ಗರ್ಜಿಸುವ ಮರದ ಹುಲಿ ಇವತ್ತೂ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ.

ಊರು ಮಾತ್ರ ಆಗಿದ್ದರೆ ಕೆಲಸ ಸುಲಭ ಇತ್ತು. ಸುತ್ತಲಿನ ನಾಡನ್ನೆಲ್ಲ ಹಂಚಬೇಕಿತ್ತು. ಅದಕ್ಕೊಂದು ಆಯೋಗ ಮಾಡಿದರು. ಅದರಲ್ಲಿ ಜನರಲ್ ಹ್ಯಾರಿಸ್, ವೆಲ್ಲೆಸ್ಲಿ ಸೋದರರಾದ ಆರ್ಥರ್ ಮತ್ತು ಹೆನ್ರಿ, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್ ಇದ್ದರು. ಥಾಮಸ್ ಮನ್ರೋ, ಜಾನ್ ಮಾಲ್ಕಂ ಕಾರ್ಯದರ್ಶಿಗಳು. ಕನ್ನಡ ಕರಾವಳಿ, ಕೊಯಮತ್ತೂರು, ವಯನಾಡು ಕಂಪನಿಗೆ. ಗುತ್ತಿ, ಗುರ್ರಂಕೊಂಡ ಕಡೆ ನಿಜಾಮನಿಗೆ. ಹರಪನಹಳ್ಳಿ, ಸೋಂದಾ, ಆನೆಗೊಂದಿ ಕಡೆಯ ಭಾಗವನ್ನು ಪೇಶ್ವೆಗೆ ಕೊಡಲು ಹೋದರು, ಪೇಶ್ವೆ ಒಪ್ಪಲಿಲ್ಲ. ಅದನ್ನೂ ಕಂಪನಿ ಮತ್ತು ನಿಜಾಮ ಹಂಚಿಕೊಂಡರು. ಉಳಿದ ನಾಡು ಇನ್ನೂ 5 ವರ್ಷ ತುಂಬದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. ಅವರ ಪಟ್ಟಾಭಿಷೇಕ 1799ರ ಜೂನ್ 30ರಂದು ಮೈಸೂರಿನಲ್ಲಿ ಚಪ್ಪರದ ಕೆಳಗೆ ನಡೆಯಿತು. ಅರಮನೆ ಅಂತ ಒಂದು ಉಳಿದಿರಲಿಲ್ಲ.

ಈ ಹಂಚಿಕೆಯಲ್ಲಿ ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ಕಂಪನಿ ತನ್ನ ಬಳಿಯೇ ಇಟ್ಟುಕೊಂಡಿತು. ಇದು ನಮ್ಮ ಜಿಲ್ಲೆಯಲ್ಲೇ ಎಷ್ಟು ಜನಕ್ಕೆ ಗೊತ್ತು? ಕಾವೇರಿಯ ಆಚೆ ದಡ ಮೈಸೂರು ಸಂಸ್ಥಾನ, ನಡುವಿನ ದ್ವೀಪ ಕಂಪನಿಯದು. ಹೊಳೆಯೇ ಗಡಿ. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟಾಗ ಬ್ರಿಟಿಷರು ಬೆಂಗಳೂರು ದಂಡಿನ ಪ್ರದೇಶವನ್ನು ತಾವಿಟ್ಟುಕೊಂಡು ಈ ದ್ವೀಪವನ್ನು ಬಿಟ್ಟುಕೊಟ್ಟರು. ಅಂದರೆ 82 ವರ್ಷ ನಮ್ಮ ಊರು ಮೈಸೂರಿನ ಮಗ್ಗುಲಲ್ಲೇ ಇದ್ದರೂ ಹಕ್ಕಿನಲ್ಲಿ ಮೈಸೂರಿನದಾಗಿರಲಿಲ್ಲ.

ನಕ್ಷೆಯಲ್ಲಿ ಗೆರೆ ಎಳೆದ ತಕ್ಷಣ ಗಡಿ ಆಗಿಬಿಡುವುದಿಲ್ಲ. ವಯನಾಡು ತನ್ನದು ಅಂತ ಪಳಸ್ಸಿರಾಜ ಕಾಡು ಸೇರಿ ಹೋರಾಡಿದ. ಮಲೆನಾಡಿನ ಬಲಂ ಸೀಮೆಯ ಕೃಷ್ಣಪ್ಪ ನಾಯಕ ಯಾರಿಗೂ ತಲೆಬಾಗಲಿಲ್ಲ. ಮೈಸೂರಿನಿಂದ ಕರಾವಳಿಗೆ ಇಳಿಯುವ ಬಿಸಿಲೆ ಘಾಟಿಯ ದಾರಿ ಅವನ ಕೈಯಲ್ಲಿತ್ತು. 1802ರ ಜನವರಿಯಲ್ಲಿ ವೆಲ್ಲೆಸ್ಲಿ ಇಲ್ಲಿಂದಲೇ ಸೈನ್ಯ ಕಟ್ಟಿಕೊಂಡು ಹೋಗಿ ಅರಕೆರೆಯ ಕಾಡುಕೋಟೆ ಹಿಡಿದ. ಕೃಷ್ಣಪ್ಪ ನಾಯಕನನ್ನು ಸೆರೆಹಿಡಿದು ನೇಣಿಗೆ ಹಾಕಿದರು. ಸಕಲೇಶಪುರದ ಕಡೆಯವರಿಗೆ ಇದು ಮನೆಯ ಕಥೆ. ಆದರೆ ಆ ತೀರ್ಮಾನವಾದದ್ದು ಈ ಊರಿನ ಆಡಳಿತದಿಂದ ಅನ್ನೋದು ಇಲ್ಲಿ ಎಲ್ಲೂ ಕಾಣುವುದಿಲ್ಲ.

ಧೋಂಡಿಯ ವಾಘನ ಕಥೆಯನ್ನಂತೂ ಇಲ್ಲಿ ಹೇಳಲೇಬೇಕು. ಚನ್ನಗಿರಿಯವನು. ಟಿಪ್ಪುವಿನ ಸೆರೆಮನೆಯಲ್ಲಿದ್ದವನು, ಕೋಟೆ ಬಿದ್ದ ಗಲಾಟೆಯಲ್ಲಿ ಬಿಡುಗಡೆಯಾಗಿ ಹೋದ. ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರು ಅವನ ಹಿಂದೆ ಸೇರಿದರು. ಉಭಯ ಲೋಕಾಧೀಶ್ವರ ಅಂತ ಬಿರುದು ಇಟ್ಟುಕೊಂಡ. ಮೈಸೂರು, ಮರಾಠರ ನಾಡು, ನಿಜಾಮನ ನಾಡು ಮೂರೂ ಸೇರುವ ಗಡಿಯಲ್ಲಿ ಓಡಾಡಿಕೊಂಡಿದ್ದ. ಒಂದು ಕಡೆ ಅಟ್ಟಿದರೆ ಇನ್ನೊಂದು ಕಡೆ ದಾಟುತ್ತಿದ್ದ. ವೆಲ್ಲೆಸ್ಲಿ ಮರಾಠರಿಂದ ಒಪ್ಪಿಗೆ ಪಡೆದು ಅವರ ನೆಲದೊಳಗೇ ನುಗ್ಗಿದ. ಕುಂದಗೋಳ, ಡಂಬಳ ದಾಟಿ ಬೆನ್ನಟ್ಟಿದ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಹತ್ತಿರ ಧೋಂಡಿಯ ಸತ್ತ. ಅವನ ಸಾಮಾನುಗಳ ನಡುವೆ ಸಲಾಬತ್ ಖಾನ್ ಅನ್ನೋ ನಾಲ್ಕು ವರ್ಷದ ಮಗು ಸಿಕ್ಕಿತು. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ತಂದ, ಶ್ರೀರಂಗಪಟ್ಟಣದಲ್ಲಿ ಸಾಕಲು ವ್ಯವಸ್ಥೆ ಮಾಡಿದ. ತಾನು ಇಂಡಿಯಾ ಬಿಡುವಾಗ ಮಗುವಿನ ಖರ್ಚಿಗೆ ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ನೌಕರಿಗೆ ಸೇರಿದ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ಈ ಹುಡುಗನ ಕಥೆ ನಮ್ಮ ಊರಿನ ಮಕ್ಕಳಿಗೆ ಗೊತ್ತಿಲ್ಲ ಅಂದರೆ ನನಗೆ ಬೇಜಾರಾಗುತ್ತದೆ.

ದರಿಯಾ ದೌಲತ್ ವಿಷಯಕ್ಕೆ ಬರುತ್ತೇನೆ. ಈ ಅರಮನೆಯೇ ವೆಲ್ಲೆಸ್ಲಿಯ ಮನೆ ಆಗಿತ್ತು. ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ನಾವೆಲ್ಲ ನೋಡಿದ್ದೇವೆ. ಹೈದರ್ ಮತ್ತು ಟಿಪ್ಪು ಗೆಲ್ಲುತ್ತಿದ್ದಾರೆ. ಕರ್ನಲ್ ಬೇಯ್ಲಿ ಗಾಯಗೊಂಡು ಪಲ್ಲಕ್ಕಿಯಲ್ಲಿದ್ದಾನೆ. ಕಂಪನಿ ಕಂಡ ದೊಡ್ಡ ಸೋಲುಗಳಲ್ಲಿ ಅದೊಂದು. 1799ರ ಮುತ್ತಿಗೆಗೆ ಮುಂಚೆಯೇ ಈ ಚಿತ್ರವನ್ನು ಅಳಿಸಿದ್ದರು. ವೆಲ್ಲೆಸ್ಲಿ ಇಲ್ಲಿ ಇದ್ದಾಗ ಅದನ್ನು ಮತ್ತೆ ಬರೆಸಿದ. ತನ್ನ ಕಡೆಯವರ ಸೋಲಿನ ಚಿತ್ರವನ್ನು ಗೆದ್ದ ಅಧಿಕಾರಿ ತನ್ನ ಮನೆಯ ಗೋಡೆಯ ಮೇಲೆ ಉಳಿಸಿಕೊಂಡ. ಅದು ಮತ್ತೆ ಮಾಸಿದಾಗ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ಇವತ್ತು ನಾವು ಆ ಗೋಡೆಯ ಮುಂದೆ ನಿಂತು ಮಕ್ಕಳಿಗೆ ಬೆರಳು ತೋರಿಸಿ ಹೇಳುವುದಕ್ಕೆ ಈ ಎರಡು ಸಲದ ದುರಸ್ತಿಯೂ ಕಾರಣ. ಹೆಮ್ಮೆಯಿಂದ ಚಿತ್ರ ತೋರಿಸುತ್ತೇವೆ, ಅದು ಉಳಿದ ಬಗೆಯನ್ನು ಮಾತ್ರ ಬಿಟ್ಟುಬಿಡುತ್ತೇವೆ. ಯಾಕೆ? ಆ ಬಗೆಯನ್ನು ಹೇಳಿದರೆ ಟಿಪ್ಪುವಿನ ಗೌರವವೇನೂ ಕಡಿಮೆ ಆಗುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಟಿಪ್ಪು ಬಗ್ಗೆ ಈಗ ನಡೆಯುತ್ತಿರುವ ಜಗಳಕ್ಕೆ ನನ್ನ ಪತ್ರವನ್ನು ಯಾರೂ ಎಳೆಯಬಾರದು. ವೆಲ್ಲೆಸ್ಲಿಯನ್ನು ಹೊಗಳಿ ಅಂತಲೂ ನಾನು ಕೇಳುತ್ತಿಲ್ಲ. ಆತನ ಆಡಳಿತದಲ್ಲಿ ಊರು ಬಡವಾಯಿತು. ಕಂಪನಿಗಾಗಿ ನಾಡು ಸುತ್ತಿ ವರದಿ ಬರೆಯುತ್ತಾ 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್‌ಗೆ ಟಿಪ್ಪು ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದರು ಅಂತ ಹೇಳಿದರು. ಅವನು ಬಂದಾಗ ದಂಡನ್ನು ಬಿಟ್ಟು ಉಳಿದಿದ್ದು ಸುಮಾರು 32,000. ಒಂದೂವರೆ ಲಕ್ಷ ಅನ್ನೋದು ಅಂದಾಜು, ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಅರ್ಧ ಕಳೆದರೂ ನಷ್ಟ ಸಣ್ಣದಲ್ಲ. ಅರಮನೆಯ ನೌಕರರು, ಕುದುರೆ ಸವಾರರು, ಬಂದೂಕು ಮಾಡುವವರು, ಬಟ್ಟೆ ನೇಯುವವರು ಎಲ್ಲರ ಬದುಕೂ ಒಂದು ದರ್ಬಾರಿನ ಮೇಲೆ ನಿಂತಿತ್ತು. ದರ್ಬಾರು ಮೈಸೂರಿಗೆ ಹೋಯಿತು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಕಳಿಸಿದರು. ಇಲ್ಲಿ ಉಳಿದಿದ್ದು ದಂಡು ಮತ್ತು ಜ್ವರ. ಆ ಜ್ವರಕ್ಕೆ ಹೆದರಿಯೇ 1809ರಲ್ಲಿ ದಂಡನ್ನೂ ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರು ದಂಡು ಬೆಳೆಯಿತು, ನಮ್ಮ ಊರು ಸೊರಗಿತು. ಇಲ್ಲಿನ ಲಾಲ್‌ಬಾಗ್ ಅರಮನೆಯ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದವು. ಬೇಕಾದರೆ ಈಗಲೂ ಅಲ್ಲಿಗೆ ಹೋಗಿ ನೋಡಬಹುದು.

ಹೀಗಿದ್ದೂ ಶ್ರೀರಂಗಪಟ್ಟಣದ ನಿವಾಸಿಗಳ ಹೆಸರಿನಲ್ಲಿ ವೆಲ್ಲೆಸ್ಲಿಗೆ ಮೆಚ್ಚುಗೆಯ ಪತ್ರ ಸಲ್ಲಿಸಿದರು. ಯಾರು ಬರೆಸಿದರು? ವ್ಯಾಪಾರಿಗಳೇ? ಅಧಿಕಾರಕ್ಕೆ ಹತ್ತಿರ ಇದ್ದವರೇ? ಅಥವಾ ಲೂಟಿ ನಿಲ್ಲಿಸಿದ್ದಕ್ಕೆ ನಿಜವಾಗಿ ಕೃತಜ್ಞರಾಗಿದ್ದ ಸಾಮಾನ್ಯರೇ? ಹೈಸ್ಕೂಲ್ ಮಕ್ಕಳ ಮುಂದೆ ಇಂಥ ಪ್ರಶ್ನೆ ಇಟ್ಟರೆ ಅವರು ಎಷ್ಟು ಚೆನ್ನಾಗಿ ಯೋಚಿಸುತ್ತಾರೆ ಅಂತ ನನಗೆ ಗೊತ್ತು. ಬರೀ ಯಾರು ಗೆದ್ದರು, ಯಾರು ಸೋತರು ಅಂತ ಬಾಯಿಪಾಠ ಮಾಡಿಸಿದರೆ ಆ ಯೋಚನೆ ಹುಟ್ಟುವುದಿಲ್ಲ.

ಇನ್ನೂ ಒಂದು ವಿಷಯ, ನಮ್ಮ ರೈತರಿಗೆ ಇಷ್ಟ ಆಗುವಂಥದ್ದು. ವೆಲ್ಲೆಸ್ಲಿಯ ದಂಡು ಅಷ್ಟು ವೇಗವಾಗಿ ಸಾಗುತ್ತಿದ್ದುದು ಮೈಸೂರಿನ ಅಮೃತ ಮಹಲ್ ಎತ್ತುಗಳ ಬಲದಿಂದ. ಮೈಸೂರಿನ ಅರಸರು ಕಟ್ಟಿ, ಹೈದರ್, ಟಿಪ್ಪು ಬೆಳೆಸಿದ ದನದ ಹಿಂಡುಗಳು ಅವು. ಮುಂದೆ ಸ್ಪೇನ್, ಪೋರ್ಚುಗಲ್ ಯುದ್ಧದಲ್ಲಿ ಸಾಗಾಟಕ್ಕೆ ಕಷ್ಟಪಡುವಾಗಲೂ ಆತ ಮೈಸೂರಿನ ಎತ್ತುಗಳನ್ನು ನೆನೆಸಿಕೊಂಡ. 1799ರ ಯುದ್ಧದ ನಂತರ ಸರಿಯಾಗಿ ನೋಡಿಕೊಳ್ಳದೆ ತಳಿ ಕ್ಷೀಣಿಸಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಅನ್ನೋ ಅಧಿಕಾರಿಗೆ ಅದರ ಹೊಣೆ ಕೊಟ್ಟ ಮೇಲೆ ಸುಧಾರಿಸಿತು. ದನ ಸಾಕಿದ ಹಳ್ಳಿಗರ ಜಾಣ್ಮೆಗೆ ಈ ಯುದ್ಧಗಳ ಕಥೆಯಲ್ಲಿ ಒಂದು ಸಾಲಾದರೂ ಬೇಡವೇ?

ಈ ಹಳೆಯ ಆಡಳಿತದ ಕಥೆ ಈಗ ಯಾಕೆ ಅಂತ ತಾವು ಕೇಳಬಹುದು. ಯುದ್ಧವೋ ಕಾರ್ಯಾಚರಣೆಯೋ ಮುಗಿದ ನಾಡಿಗೆ ಮಿಲಿಟರಿ ಅಧಿಕಾರಿಯನ್ನು ಆಡಳಿತಗಾರನಾಗಿ ಕೂರಿಸುವುದು ಅಲ್ಲಿಗೇ ಮುಗಿದ ಸಂಗತಿ ಅಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದಾಗ ಮೇಜರ್ ಜನರಲ್ ಜೆ. ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು. ನಮ್ಮ ಬೀದರ್, ಕಲಬುರಗಿ, ರಾಯಚೂರಿನ ಜನ ಆ ಆಡಳಿತದಲ್ಲಿ ಬದುಕಿದವರು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆ ಆದಾಗ ಮೇಜರ್ ಜನರಲ್ ಕೆ. ಪಿ. ಕ್ಯಾಂಡೆತ್ ಕೆಲವು ತಿಂಗಳು ಅಲ್ಲಿನ ಮಿಲಿಟರಿ ಗವರ್ನರ್ ಆಗಿದ್ದರು. ಇವು ನಮ್ಮದೇ ದೇಶದ ಸರ್ಕಾರ ಮಾಡಿದ ನೇಮಕಗಳು, ಕಂಪನಿಯ ಆಕ್ರಮಣಕ್ಕೆ ಹೋಲಿಸಬಾರದು. ಆದರೆ ಜನ ಕೇಳುವ ಪ್ರಶ್ನೆ ಅವೇ. ಲೂಟಿ ನಿಂತಿತಾ? ಓಡಿಹೋದವರಿಗೆ ಮನೆ ವಾಪಸ್ ಸಿಕ್ಕಿತಾ? ದೂರು ಕೊಟ್ಟರೆ ಕೇಳುವವರು ಇದ್ದರಾ? ಸೈನಿಕ ತಪ್ಪು ಮಾಡಿದರೆ ಶಿಕ್ಷೆ ಆಯಿತಾ? ಅಧಿಕಾರ ಯಾವಾಗ ಜನರ ಕೈಗೆ ಬಂತು? ಶ್ರೀರಂಗಪಟ್ಟಣದಲ್ಲಿ ನಿಂತು ಈ ಪ್ರಶ್ನೆಗಳನ್ನು ಕಲಿತ ಮಗು ನಾಳೆ ಪೇಪರ್ ಓದುವಾಗ ಅವನ್ನೇ ಕೇಳುತ್ತದೆ.

ಈಗ ನನ್ನ ಕೋರಿಕೆಗಳು. ಮೊದಲನೆಯದು ದರಿಯಾ ದೌಲತ್‌ದು. 1799ರ ನಂತರ ಅಲ್ಲಿ ಯಾರು ಇದ್ದರು, ಊರನ್ನು ಹೇಗೆ ಆಳಿದರು, ಪೊಳ್ಳಿಲೂರು ಚಿತ್ರ ಹೇಗೆ ಉಳಿಯಿತು ಅನ್ನೋದನ್ನು ದೊಡ್ಡ ಅಕ್ಷರದಲ್ಲಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಸಿ. ಲೂಟಿಯನ್ನೂ ಬರೆಯಿರಿ, ಲೂಟಿ ನಿಲ್ಲಿಸಿದ್ದನ್ನೂ ಬರೆಯಿರಿ. ಬುಕಾನನ್ ಕೊಟ್ಟ ಜನಸಂಖ್ಯೆಯನ್ನು ಸೇರಿಸಿ.

ಹೊಳೆಯ ಮೇಲಿನ ವೆಲ್ಲೆಸ್ಲಿ ಸೇತುವೆಯನ್ನು ಕರ್ನಲ್ ವೆಲ್ಲೆಸ್ಲಿ ಕಟ್ಟಿಸಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಮುಮ್ಮಡಿಯವರ ಕಾಲದಲ್ಲಿ, 1804ರಲ್ಲಿ, ದಿವಾನ್ ಪೂರ್ಣಯ್ಯನವರು ಅದನ್ನು ಕಟ್ಟಿಸಿದರು. ಹೆಸರು ಇಟ್ಟಿದ್ದು ಅಣ್ಣ ಗವರ್ನರ್ ಜನರಲ್‌ನದು. ಟಿಪ್ಪು ಹತ್ತಿರವೂ ಕೆಲಸ ಮಾಡಿ, ಅರಸರ ಹತ್ತಿರವೂ 1811ರವರೆಗೆ ದಿವಾನರಾಗಿದ್ದ ಪೂರ್ಣಯ್ಯನವರು ಇಲ್ಲದಿದ್ದರೆ ವೆಲ್ಲೆಸ್ಲಿಯ ಆಡಳಿತ ಒಂದು ವರ್ಷವೂ ನಡೆಯುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ದಂಡಿಗೆ ಅಕ್ಕಿ, ಎತ್ತು, ಹಣ ಒದಗಿಸಿದ್ದು ಅವರು. ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗಲೆಲ್ಲ ಈ ಕಲ್ಲಿನ ಸೇತುವೆ ಮುಳುಗುತ್ತದೆ. ಅದರ ಕಂಬಗಳನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ, ಪೂರ್ಣಯ್ಯನವರ ಹೆಸರು ಕಾಣುವಂತೆ ಮಾಡಿ.

ಹೆದ್ದಾರಿಯ ಪಕ್ಕದ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು 300 ಸಮಾಧಿಗಳಿವೆ. ಅಧಿಕಾರಿಗಳು, ಅವರ ಹೆಂಡಂದಿರು, ಹಸುಗೂಸುಗಳು, ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರು ಅಲ್ಲಿದ್ದಾರೆ. ಕನ್ನಡದಲ್ಲಿ ಒಂದು ಪುಟ್ಟ ಪರಿಚಯ ಹಾಕಿದರೆ ಆ ಜ್ವರದ ವರ್ಷಗಳು ಏನು ಅಂತ ಅರ್ಥ ಆಗುತ್ತದೆ. ಗಂಜಾಂನಲ್ಲಿ ಅಬ್ಬೆ ದುಬೋಯಿಸ್ ಹೆಸರಿನ ಚರ್ಚಿದೆ. ಈ ಫ್ರೆಂಚ್ ಪಾದ್ರಿ ಕೋಟೆ ಬಿದ್ದ ಮೇಲೆ ಇಲ್ಲಿಗೆ ಬಂದು, ಮೈಸೂರು ಸೀಮೆಯ ಸಾವಿರಾರು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. ಪ್ರವಾಸಿಗರ ದಾರಿಯಲ್ಲಿ ಇದನ್ನೂ ಸೇರಿಸಿ.

ಗೈಡ್‌ಗಳಿಗೆ ತರಬೇತಿ ಕೊಡಿ. ಅವರ ಮೇಲೆ ನನಗೆ ಕೋಪ ಇಲ್ಲ. ಬಿಸಿಲಲ್ಲಿ ನಿಂತು ದಿನವಿಡೀ ಮಾತಾಡುವವರು, ಅವರಿಗೆ ಸಿಕ್ಕ ಸಾಮಗ್ರಿಯೇ ಅಷ್ಟು. ವೆಲ್ಲೆಸ್ಲಿ ಈ ಊರಿನಿಂದ ಬರೆದ ನೂರಾರು ಪತ್ರಗಳು ಇಂಗ್ಲಿಷಿನಲ್ಲಿ ಅಚ್ಚಾಗಿವೆ. ಅವುಗಳಲ್ಲಿ ಆಯ್ದ ಕೆಲವನ್ನು ಕನ್ನಡಕ್ಕೆ ತಂದು ಅಗ್ಗದ ಬೆಲೆಗೆ ಮಾರಿಸಿ. ಮೈಸೂರು ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ, ಇತಿಹಾಸ ಓದಿದ ಯುವಕ ಯುವತಿಯರು ಬೇಕಾದಷ್ಟು ಜನ ಇದ್ದಾರೆ. ನಾವು ಕೆಲವು ನಿವೃತ್ತ ಮೇಷ್ಟ್ರುಗಳು, ಮೇಡಂಗಳು ಸಂಭಾವನೆ ಇಲ್ಲದೆ ಅನುವಾದಕ್ಕೂ ಕರಡು ತಿದ್ದುವುದಕ್ಕೂ ತಯಾರಿದ್ದೇವೆ.

ಪ್ರತಿ ವರ್ಷ ಶ್ರೀರಂಗಪಟ್ಟಣ ದಸರಾ ನಡೆಯುತ್ತದೆ. ಮುಂದಿನ ದಸರಾ ಹೊತ್ತಿಗೆ ದರಿಯಾ ದೌಲತ್‌ನ ಆ ಒಂದು ಫಲಕವಾದರೂ ಆಗಲಿ. ಉಳಿದದ್ದಕ್ಕೆ ಸಮಯ ಬೇಕು, ಅದು ನಮಗೂ ಗೊತ್ತು. ಫಲಕದ ಬರಹ ಸಿದ್ಧವಾದಾಗ ಅಚ್ಚಿಗೆ ಕಳಿಸುವ ಮೊದಲು ಊರಿನವರ ಮುಂದೆ ಇಟ್ಟು ಓದಿಸಬೇಕು ಅಂತಲೂ ಕೇಳಿಕೊಳ್ಳುತ್ತೇನೆ. ತಮ್ಮ ಉತ್ತರವನ್ನು ಪತ್ರದ ಮೂಲಕ ಕೊಟ್ಟರೂ ಸರಿ, ಸಭೆ ಕರೆದು ಹೇಳಿದರೂ ಸರಿ. ಕರೆದರೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ
ಗಂಜಾಂ, ಶ್ರೀರಂಗಪಟ್ಟಣ ತಾಲ್ಲೂಕು, ಮಂಡ್ಯ ಜಿಲ್ಲೆ